ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾನುಲಿ ಕೇಂದ್ರದ ಸರ್ವರ್ ಮತ್ತು ಫೈಲ್‌ಗಳ ಅನುಮತಿ

ಸಮುದಾಯ ಬಾನುಲಿ ಕೇಂದ್ರಗಳಲ್ಲಿ ತಾಂತ್ರಿಕ ಹೊಣೆ ಹೊತ್ತ ಓದುಗರು ಬರೆದ ಪತ್ರಗಳಲ್ಲಿ ಒಂದೇ ವಿಷಯಕ್ಕೆ ಸೇರಿದ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕಾರ್ಯಕ್ರಮಗಳ ಧ್ವನಿ ಫೈಲ್‌ಗಳನ್ನು ಒಂದು ಸರ್ವರಿನಲ್ಲಿ ಇಟ್ಟು ಹಲವು ಕಂಪ್ಯೂಟರ್‌ಗಳಿಂದ ಬಳಸುವಾಗ ‘ಪರ್ಮಿಷನ್ ಡಿನೈಡ್’ ಎಂಬ ತಡೆ ಏಕೆ ಬರುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚಬೇಕು ಎಂಬುದು ಎಲ್ಲ ಪತ್ರಗಳ ಸಾರ. ಮೊದಲ ಪತ್ರದ ಸಮಸ್ಯೆ ಬಹಳ ಕಡೆ ಕಾಣುವಂಥದ್ದಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕೇಂದ್ರದಲ್ಲಿ ಪ್ರಸಾರ ಕೊಠಡಿಗೆ ಒಂದು, ಧ್ವನಿಮುದ್ರಣ ಕೊಠಡಿಗೆ ಒಂದು ಕಂಪ್ಯೂಟರ್ ಇದ್ದು, ಎರಡರಲ್ಲೂ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಮತ್ತು ಬಾನುಲಿ ಪ್ರಸಾರವನ್ನು ನಡೆಸುವ ರಿವೆಂಡೆಲ್ ತಂತ್ರಾಂಶವಿದೆ. ಧ್ವನಿ ಫೈಲ್‌ಗಳು ಸರ್ವರಿನಲ್ಲಿದ್ದು ಎನ್‌ಎಫ್‌ಎಸ್ (ಜಾಲದ ಮೂಲಕ ಫೋಲ್ಡರ್ ಹಂಚುವ ವ್ಯವಸ್ಥೆ) ಮೂಲಕ ಎರಡಕ್ಕೂ ಸಿಗುತ್ತವೆ. ಹಿಂದೆ ಸೆಂಟ್‌ಓಎಸ್ 6 ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆ ಇದ್ದ ಹಳೆಯ ಯಂತ್ರದಿಂದ ಫೈಲ್‌ಗಳನ್ನು ಈ ಸರ್ವರಿಗೆ ಸಾಗಿಸಿಕೊಂಡಿದ್ದೇವೆ. ಎಲ್ಲ ಕಡೆಯೂ ‘ರೇಡಿಯೊ’ ಎಂಬ ಒಂದೇ ಹೆಸರಿನ ಬಳಕೆದಾರರಿದ್ದಾರೆ. ಹಾಗಿದ್ದರೂ ಧ್ವನಿಮುದ್ರಣ ಕೊಠಡಿಯಲ್ಲಿ ಮುದ್ರಿಸಿದ ಕಾರ್ಯಕ್ರಮವನ್ನು ಪ್ರಸಾರ ಕೊಠಡಿಯಿಂದ ಕೇಳಿಸಬಹುದೇ ಹೊರತು ಅದರ ಮೇಲೆ ಮತ್ತೆ ಮುದ್ರಿಸಲು ಆಗುತ್ತಿಲ್ಲ. ಹಳೆಯ ಕಾರ್ಯಕ್ರಮಗಳನ್ನು ಎರಡೂ ಕಡೆಯಿಂದ ಬದಲಾಯಿಸಲು ಆಗದು. ಆರಂಭ ಮತ್ತು ಅಂತ್ಯದ ಗುರುತುಗಳನ್ನು ಮಾತ್ರ ಸರಿಪಡಿಸಲು ಸಾಧ್ಯವಾಗುತ್ತಿದೆ. ಪರಿಚಯದವರೊಬ್ಬರು ಹೇಳಿದಂತೆ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕಿನ, ಅನುಮತಿ ಕೊಟ್ಟೆವು. ಅಳಿಸುವುದು ಸಾಧ್ಯವಾಯಿತು, ಉಳಿದದ್ದು ಹಾಗೆಯೇ ಇದೆ. ರೂಟ್ (ಕಂಪ್ಯೂಟರಿನ ಎಲ್ಲ ಹಕ್ಕುಗಳಿರುವ ಮುಖ್ಯ ಖಾತೆ) ಆಗಿ ಪ್ರಯತ್ನಿಸಿದರೂ ಫಲವಿಲ್ಲ.

ಉತ್ತರ: ತಾವು ಲಕ್ಷಣಗಳನ್ನು ಬಿಡಿಸಿ ಬರೆದಿರುವುದರಿಂದ ಕಾರಣ ಬಹುಮಟ್ಟಿಗೆ ಪತ್ರದಲ್ಲೇ ಸಿಗುತ್ತದೆ. ಮೂರೂ ಯಂತ್ರಗಳಲ್ಲಿ ಬಳಕೆದಾರರ ಹೆಸರು ಒಂದೇ ಆಗಿದ್ದರೂ ಆ ಹೆಸರಿನ ಹಿಂದಿರುವ ಸಂಖ್ಯೆ ಬೇರೆ ಬೇರೆಯಾಗಿರಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಫೈಲಿನ ಒಡೆಯರು ಯಾರೆಂಬುದನ್ನು ಡಿಸ್ಕಿನ ಮೇಲೆ ಹೆಸರಾಗಿ ಬರೆದಿಡುವುದಿಲ್ಲ. ಬಳಕೆದಾರರ ಸಂಖ್ಯೆಯನ್ನೂ ಗುಂಪಿನ ಸಂಖ್ಯೆಯನ್ನೂ ಬರೆದಿಡಲಾಗುತ್ತದೆ. ಎನ್‌ಎಫ್‌ಎಸ್‌ನ ಸಾಮಾನ್ಯ ಭದ್ರತಾ ವಿಧಾನದಲ್ಲಿ ಕಂಪ್ಯೂಟರ್ ತನ್ನ ಪ್ರತಿ ಕೋರಿಕೆಯೊಂದಿಗೆ ಈ ಸಂಖ್ಯೆಗಳನ್ನೇ ಕಳಿಸುತ್ತದೆ, ಸರ್ವರ್ ಅವುಗಳನ್ನು ನಂಬಿ ತೀರ್ಮಾನಿಸುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಒಂದೇ ಹೆಸರಿನ ನಾಲ್ವರಿದ್ದರೂ ಪಡಿತರ ಚೀಟಿಯ ಸಂಖ್ಯೆ ನೋಡಿಯೇ ಅಕ್ಕಿ ಅಳೆಯುವಂತೆ ಇಲ್ಲಿಯೂ ಹೆಸರಿಗೆ ಬೆಲೆಯಿಲ್ಲ.

ಸಂಖ್ಯೆಗಳು ಹೇಗೆ ಬೇರೆಯಾದವು ಎಂಬುದನ್ನೂ ಊಹಿಸಬಹುದು. ಸೆಂಟ್‌ಓಎಸ್ 6ರಲ್ಲಿ ಸಾಮಾನ್ಯ ಬಳಕೆದಾರರ ಸಂಖ್ಯೆ 500ರಿಂದ ಆರಂಭವಾಗುತ್ತಿತ್ತು. 7ನೇ ಆವೃತ್ತಿಯಿಂದ ಅದು 1000 ಆಯಿತು, ಉಬುಂಟುವಿನಲ್ಲಿಯೂ 1000ವೇ. ಹಳೆಯ ಯಂತ್ರದಿಂದ ಒಡೆತನ ಸಹಿತ ಸಾಗಿಸಿದ ಫೈಲ್‌ಗಳ ಮೇಲೆ 500 ಉಳಿದಿರುತ್ತದೆ, ಆ ಸಂಖ್ಯೆಯವರು ಈಗ ಯಾವ ಯಂತ್ರದಲ್ಲೂ ಇಲ್ಲ. ಹೊಸ ಎರಡು ಕಂಪ್ಯೂಟರ್‌ಗಳ ಪೈಕಿ ಒಂದರಲ್ಲಿ ಉಬುಂಟು ಅಳವಡಿಸುವಾಗಲೇ ‘ರೇಡಿಯೊ’ ಖಾತೆ ತೆರೆದು 1000 ಸಿಕ್ಕಿರಬಹುದು. ಇನ್ನೊಂದರಲ್ಲಿ ಮೊದಲು ಕಚೇರಿಯ ಖಾತೆ ತೆರೆದು, ಆಮೇಲೆ ‘ರೇಡಿಯೊ’ ಸೇರಿಸಿದ್ದರಿಂದ 1001 ಸಿಕ್ಕಿರಬಹುದು.

ಇದನ್ನು ಖಚಿತಪಡಿಸಿಕೊಳ್ಳಲು ಎರಡು ಆಜ್ಞೆಗಳು ಸಾಕು. ಪ್ರತಿ ಯಂತ್ರದಲ್ಲೂ ‘ಐಡಿ ರೇಡಿಯೊ’ ಎಂದು ಕೊಟ್ಟು ಬಂದ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಬಳಿಕ ಧ್ವನಿ ಫೋಲ್ಡರಿನಲ್ಲಿ ‘ಎಲ್‌ಎಸ್’ ಆಜ್ಞೆಯನ್ನು ‘ಎಲ್’ ಮತ್ತು ‘ಎನ್’ ಎಂಬ ಆಯ್ಕೆಗಳೊಂದಿಗೆ ಕೊಡಿ. ‘ಎನ್’ ಸೇರಿಸಿದಾಗ ಹೆಸರುಗಳ ಬದಲು ಸಂಖ್ಯೆಗಳೇ ಕಾಣುತ್ತವೆ. ರಿವೆಂಡೆಲ್ ತನ್ನ ಫೈಲ್‌ಗಳನ್ನು ವಾರ್ ಫೋಲ್ಡರಿನೊಳಗಿನ ಎಸ್‌ಎನ್‌ಡಿ ಫೋಲ್ಡರಿನಲ್ಲಿ, ಆರು ಅಂಕಿಗಳ ಕಾರ್ಟ್ (ಒಂದು ಕಾರ್ಯಕ್ರಮದ ನಮೂದು) ಸಂಖ್ಯೆ, ಅಡಿಗೆರೆ, ಮೂರು ಅಂಕಿಗಳ ಕಟ್ (ಅದರೊಳಗಿನ ಒಂದು ಮುದ್ರಣ) ಸಂಖ್ಯೆ ಎಂಬ ಕ್ರಮದಲ್ಲಿ ಹೆಸರಿಟ್ಟು ಇಡುತ್ತದೆ. ‘010045_001’ ಎಂಬಂಥ ಸಾಲಿನ ಎದುರು ‘1000 1000’ ಎಂದೂ, ಪಕ್ಕದ ಹಳೆಯ ಫೈಲಿನ ಎದುರು ‘500 500’ ಎಂದೂ ಇದ್ದರೆ ಸಂದೇಹಕ್ಕೆ ಎಡೆಯಿಲ್ಲ. ‘ಎನ್’ ಇಲ್ಲದೆ ಪ್ರಸಾರ ಕೊಠಡಿಯಿಂದ ನೋಡಿದರೆ ಅದೇ ಫೈಲ್ ಕಚೇರಿಯ ಖಾತೆಗೆ ಸೇರಿದ್ದೆಂದು ತೋರಬಹುದು. ಆ ಯಂತ್ರದ ಮಟ್ಟಿಗೆ 1000 ಎಂದರೆ ಕಚೇರಿಯ ಖಾತೆ.

ಇನ್ನು ತಮ್ಮ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ. ಫೈಲಿನ ಅನುಮತಿ 664 ಎಂದಿದ್ದರೆ ಒಡೆಯರೂ ಗುಂಪಿನವರೂ ಓದಿ ಬರೆಯಬಹುದು, ಉಳಿದವರು ಓದಬಹುದು ಅಷ್ಟೆ. 1001ನೇ ಬಳಕೆದಾರರು 1000ದ ಫೈಲಿಗೆ ಒಡೆಯರೂ ಅಲ್ಲ, ಗುಂಪಿನವರೂ ಅಲ್ಲ; ಆದ್ದರಿಂದ ಕೇಳಿಸಲು ಆಗುತ್ತದೆ, ಮೇಲೆ ಮುದ್ರಿಸಲು ಆಗದು. ಆರಂಭ-ಅಂತ್ಯದ ಗುರುತುಗಳು ಧ್ವನಿ ಫೈಲಿನಲ್ಲಿ ಇರುವುದೇ ಇಲ್ಲ. ರಿವೆಂಡೆಲ್ ಅವುಗಳನ್ನು ಡೇಟಾಬೇಸಿನಲ್ಲಿ ಇಡುವುದರಿಂದ ಅಲ್ಲಿ ಅಡ್ಡಿ ಬರಲಿಲ್ಲ. ಫೈಲನ್ನು ಹೊಸದಾಗಿ ಸೃಷ್ಟಿಸುವ ಮತ್ತು ಅಳಿಸುವ ಹಕ್ಕು ಫೋಲ್ಡರಿನ ಅನುಮತಿಗೆ ಸೇರಿದ್ದು, ಫೈಲಿನ ಒಳಗಿನದನ್ನು ಬದಲಾಯಿಸುವ ಹಕ್ಕು ಆ ಫೈಲಿನ ಅನುಮತಿಗೆ ಸೇರಿದ್ದು. ಫೋಲ್ಡರಿಗೆ 777 ಕೊಟ್ಟಾಗ ಅಳಿಸುವ ಬಾಗಿಲು ಮಾತ್ರ ತೆರೆಯಿತು. ಅದೂ ಎಲ್ಲರಿಗೂ ತೆರೆಯಿತು, ಕೇಂದ್ರದ ಯಾವ ಖಾತೆಯಿಂದ ಬೇಕಾದರೂ ಯಾವ ಕಾರ್ಯಕ್ರಮವನ್ನು ಬೇಕಾದರೂ ಅಳಿಸಬಹುದು ಎಂಬಂತಾಯಿತು. ದಯವಿಟ್ಟು ಅದನ್ನು ಇಂದೇ ಹಿಂತೆಗೆದುಕೊಳ್ಳಿ. ವರ್ಷಗಳ ಜನಪದ ಗೀತೆಗಳ, ಊರ ಹಿರಿಯರ ಮಾತುಗಳ ಮುದ್ರಣಗಳು ಇಂಥ ಫೋಲ್ಡರುಗಳಲ್ಲಿ ಇರುತ್ತವೆ, ಅವುಗಳಿಗೆ ಎರಡನೆಯ ಪ್ರತಿ ಬಹಳ ಕಡೆ ಇರುವುದಿಲ್ಲ.

ರೂಟ್ ಆಗಿಯೂ ಆಗಲಿಲ್ಲ ಎಂದಿದ್ದೀರಿ. ಎನ್‌ಎಫ್‌ಎಸ್ ಸರ್ವರ್ ‘ರೂಟ್ ಸ್ಕ್ವಾಷ್’ ಎಂಬ ನಿಯಮವನ್ನು ತಾನಾಗಿಯೇ ಪಾಲಿಸುತ್ತದೆ: ಹೊರಗಿನ ಕಂಪ್ಯೂಟರಿನ ರೂಟ್ ಸರ್ವರಿನ ದೃಷ್ಟಿಯಲ್ಲಿ ಯಾವ ಹಕ್ಕೂ ಇಲ್ಲದ ‘ನೋಬಡಿ’ ಆಗಿಬಿಡುತ್ತಾರೆ. ಇದು ಒಳ್ಳೆಯ ನಿಯಮ, ಇದನ್ನು ತೆಗೆದುಹಾಕಬೇಡಿ. ಒಡೆತನ ಬದಲಾಯಿಸುವ ಕೆಲಸವನ್ನು ಸರ್ವರಿನಲ್ಲಿ ಕುಳಿತೇ ಮಾಡಬೇಕು ಎಂಬುದಷ್ಟೇ ಇದರಿಂದ ತಿಳಿಯಬೇಕಾದದ್ದು.

ಪರಿಹಾರ ಎಂದರೆ ಮೂರೂ ಯಂತ್ರಗಳಲ್ಲಿ ‘ರೇಡಿಯೊ’ ಬಳಕೆದಾರರಿಗೂ ಗುಂಪಿಗೂ ಒಂದೇ ಸಂಖ್ಯೆ ಕೊಡುವುದು. ಎಲ್ಲಿಯೂ ಬಳಕೆಯಲ್ಲಿಲ್ಲದ ಒಂದು ಸಂಖ್ಯೆಯನ್ನು, ಉದಾಹರಣೆಗೆ 2000ವನ್ನು, ಆರಿಸಿಕೊಳ್ಳಿ. ಅದು ಖಾಲಿಯಿದೆಯೇ ಎಂದು ಮೂರೂ ಕಡೆ ‘ಗೆಟ್‌ಎಂಟ್’ ಆಜ್ಞೆಯಿಂದ ನೋಡಿಕೊಳ್ಳಿ. ಪ್ರಸಾರ ಇಲ್ಲದ ರಾತ್ರಿಯ ಹೊತ್ತಿನಲ್ಲಿ, ಬ್ಯಾಕಪ್ ತೆಗೆದ ನಂತರ, ರಿವೆಂಡೆಲ್ ಸೇವೆಗಳನ್ನು ನಿಲ್ಲಿಸಿ ಬೇರೊಂದು ಖಾತೆಯಿಂದ ಲಾಗಿನ್ ಆಗಿ; ‘ರೇಡಿಯೊ’ ಖಾತೆಯ ಯಾವುದಾದರೂ ಪ್ರೋಗ್ರಾಂ ಓಡುತ್ತಿದ್ದರೆ ಸಂಖ್ಯೆ ಬದಲಾಯಿಸಲು ವ್ಯವಸ್ಥೆ ಒಪ್ಪುವುದಿಲ್ಲ. ಗುಂಪಿನ ಸಂಖ್ಯೆಯನ್ನು ‘ಗ್ರೂಪ್‌ಮಾಡ್’ ಆಜ್ಞೆಯಿಂದ, ಬಳಕೆದಾರರ ಸಂಖ್ಯೆಯನ್ನು ‘ಯೂಸರ್‌ಮಾಡ್’ ಆಜ್ಞೆಯಿಂದ ಬದಲಾಯಿಸಬಹುದು. ‘ಯೂಸರ್‌ಮಾಡ್’ ಆ ಖಾತೆಯ ಹೋಮ್ ಫೋಲ್ಡರಿನಲ್ಲಿರುವ ಫೈಲ್‌ಗಳ ಒಡೆತನವನ್ನು ಮಾತ್ರ ತಾನೇ ಸರಿಪಡಿಸುತ್ತದೆ. ಅದರ ಹೊರಗಿನ ಫೈಲ್‌ಗಳನ್ನೂ, ಹಳೆಯ ಗುಂಪಿನ ಸಂಖ್ಯೆ ಉಳಿದ ಫೈಲ್‌ಗಳನ್ನೂ ಕೈಯಾರೆ ಸರಿಪಡಿಸಬೇಕು.

ಆಮೇಲೆ ಸರ್ವರಿನಲ್ಲಿ, ಧ್ವನಿ ಫೋಲ್ಡರಿನೊಳಗೆ ಮಾತ್ರ, 500, 1000 ಮತ್ತು 1001ರ ಫೈಲ್‌ಗಳನ್ನು ‘ಫೈಂಡ್’ ಆಜ್ಞೆಯಿಂದ ಹುಡುಕಿ ‘ಸಿಎಚ್‌ಓನ್’ ಆಜ್ಞೆಯಿಂದ 2000ಕ್ಕೆ ವರ್ಗಾಯಿಸಿ. ಇಡೀ ಸರ್ವರಿನ ಮೇಲೆ ಈ ಹುಡುಕಾಟ ನಡೆಸಿದರೆ ಸರ್ವರಿನ ಸ್ವಂತ 1000ನೇ ಬಳಕೆದಾರರ ಫೈಲ್‌ಗಳೂ ಕೈಬದಲಾಗುವ ಅಪಾಯವಿದೆ. ಕೊನೆಗೆ ಫೋಲ್ಡರಿಗೆ 2775, ಫೈಲ್‌ಗಳಿಗೆ 664 ಅನುಮತಿ ಕೊಡಿ. 2775ರ ಮೊದಲ 2 ಎಂಬುದು ಫೋಲ್ಡರಿನಲ್ಲಿ ಮುಂದೆ ಹುಟ್ಟುವ ಪ್ರತಿ ಫೈಲಿಗೂ ಫೋಲ್ಡರಿನ ಗುಂಪೇ ಬರುವಂತೆ ಮಾಡುತ್ತದೆ. ರಿವೆಂಡೆಲ್‌ನ ಸಂರಚನಾ ಫೈಲಿನಲ್ಲಿ ‘ಆಡಿಯೊ ಓನರ್’, ‘ಆಡಿಯೊ ಗ್ರೂಪ್’ ಎಂಬ ಎರಡು ಸಾಲುಗಳಿರುತ್ತವೆ. ಅಲ್ಲಿ ಇರುವುದು ಹೆಸರಾದ್ದರಿಂದ ಅದನ್ನು ಬದಲಾಯಿಸಬೇಕಾಗಿಲ್ಲ, ಎರಡೂ ಕಂಪ್ಯೂಟರ್‌ಗಳಲ್ಲಿ ಒಂದೇ ರೀತಿ ಇದೆಯೇ ಎಂದು ನೋಡಿಕೊಂಡರೆ ಸಾಕು.

ಪರೀಕ್ಷೆಯನ್ನು ‘ರೇಡಿಯೊ’ ಖಾತೆಯಿಂದಲೇ ಮಾಡಬೇಕು. ‘ಸುಡೊ’ ಆಜ್ಞೆಗೆ ‘ಯು’ ಆಯ್ಕೆಯನ್ನೂ ಆ ಖಾತೆಯ ಹೆಸರನ್ನೂ ಕೊಟ್ಟು, ‘ಟಚ್’ ಆಜ್ಞೆಯಿಂದ ಒಂದು ಖಾಲಿ ಫೈಲ್ ಸೃಷ್ಟಿಸಿ, ಇನ್ನೊಂದು ಕೊಠಡಿಯ ಕಂಪ್ಯೂಟರಿನಿಂದ ಅದೇ ಖಾತೆಯಲ್ಲಿ ಅದರೊಳಗೆ ಒಂದು ಸಾಲು ಬರೆದು ನೋಡಿ. ಬಹಳ ಜನ ತಮ್ಮ ಖಾತೆಯಿಂದ ಪರೀಕ್ಷಿಸಿ ಎಲ್ಲ ಸರಿಯಿದೆ ಎಂದು ತೀರ್ಮಾನಿಸುತ್ತಾರೆ. ಪ್ರಸಾರದ ಹೊತ್ತಿನಲ್ಲಿ ಬರೆಯುವುದು ತಂತ್ರಾಂಶ, ನಾವಲ್ಲ.

ಸಂಖ್ಯೆಗಳನ್ನು ಬದಲಾಯಿಸಲು ಸಾಧ್ಯವೇ ಇಲ್ಲದ ಕಡೆ ಇನ್ನೊಂದು ದಾರಿಯಿದೆ. ಸರ್ವರಿನ ‘ಎಕ್ಸ್‌ಪೋರ್ಟ್ಸ್’ ಫೈಲಿನಲ್ಲಿ ‘ಆಲ್ ಸ್ಕ್ವಾಷ್’ ಎಂಬ ಆಯ್ಕೆಯನ್ನು ‘ಅನಾನ್ ಯುಐಡಿ’, ‘ಅನಾನ್ ಜಿಐಡಿ’ಗಳ ಜೊತೆ ಕೊಟ್ಟರೆ ಯಾವ ಕಂಪ್ಯೂಟರಿನಿಂದ ಯಾರೇ ಬರೆದರೂ ಸರ್ವರ್ ಅದನ್ನು ಒಂದೇ ಸಂಖ್ಯೆಯಲ್ಲಿ ದಾಖಲಿಸುತ್ತದೆ. ಧ್ವನಿ ಫೈಲ್‌ಗಳಿಗಷ್ಟೇ ಮೀಸಲಾದ ಫೋಲ್ಡರಿಗೆ, ಅದೂ ಎರಡು ಕಂಪ್ಯೂಟರ್‌ಗಳ ಐಪಿ ವಿಳಾಸಗಳಿಗೆ ಮಾತ್ರ ಹಂಚಿಕೆಯನ್ನು ಸೀಮಿತಗೊಳಿಸಿದ್ದರೆ, ಇದು ಸಣ್ಣ ಕೇಂದ್ರಕ್ಕೆ ಸಮಂಜಸವಾದ ವ್ಯವಸ್ಥೆ. ಲೆಕ್ಕಪತ್ರಗಳಿರುವ ಫೋಲ್ಡರಿಗೆ ಇದನ್ನು ಎಂದೂ ಬಳಸಬಾರದು, ಯಾರು ಬರೆದರು ಎಂಬ ಕುರುಹೇ ಅಲ್ಲಿ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ ಹಳ್ಳಿಗಳ ವರದಿಗಾರರು ವಿಂಡೋಸ್ ಲ್ಯಾಪ್‌ಟಾಪ್‌ಗಳಿಂದ ಸಾಂಬಾ (ಲಿನಕ್ಸ್ ಸರ್ವರಿನ ಫೋಲ್ಡರುಗಳನ್ನು ವಿಂಡೋಸ್‌ಗೆ ಹಂಚುವ ತಂತ್ರಾಂಶ) ಹಂಚಿಕೆಯ ಮೂಲಕ ಮುದ್ರಣಗಳನ್ನು ಕಳಿಸುತ್ತಾರೆ. ‘ಸಂಪಾದನೆ’ ಎಂಬ ಫೋಲ್ಡರನ್ನು ಹೊರಗಿನವರು ಓದದಂತೆ ಬಿಗಿ ಮಾಡಿದ್ದೇವೆ. ಕೆಲಸ ಮುಗಿದ ಫೈಲನ್ನು ಅದೇ ಹಂಚಿಕೆಯ ‘ಒಳಬರುವ’ ಫೋಲ್ಡರಿಗೆ ಹಾಕಿದರೆ ರಿವೆಂಡೆಲ್ ತಾನೇ ಎತ್ತಿಕೊಳ್ಳಬೇಕು. ಕೆಲವನ್ನು ಎತ್ತಿಕೊಳ್ಳುತ್ತದೆ, ಕೆಲವು ಅಲ್ಲಿಯೇ ಬಿದ್ದಿರುತ್ತವೆ.

ಉತ್ತರ: ಎತ್ತಿಕೊಂಡ ಫೈಲ್‌ಗಳು ಕಾಪಿ-ಪೇಸ್ಟ್ ಮಾಡಿದವು, ಉಳಿದವು ಕಟ್-ಪೇಸ್ಟ್ ಮಾಡಿದವು ಆಗಿರುವ ಸಂಭವ ಹೆಚ್ಚು; ವರದಿಗಾರರನ್ನು ಕೇಳಿ ನೋಡಿ. ಕಾಪಿ ಮಾಡಿದಾಗ ‘ಒಳಬರುವ’ ಫೋಲ್ಡರಿನಲ್ಲಿ ಹೊಸ ಫೈಲ್ ಹುಟ್ಟುತ್ತದೆ, ಅದಕ್ಕೆ ಆ ಫೋಲ್ಡರಿನ ನಿಯಮಗಳು ಅನ್ವಯಿಸುತ್ತವೆ. ಒಂದೇ ಹಂಚಿಕೆಯೊಳಗೆ ಕಟ್-ಪೇಸ್ಟ್ ಮಾಡಿದಾಗ ಸರ್ವರ್ ಫೈಲಿನ ವಿಳಾಸವನ್ನಷ್ಟೇ ಬದಲಾಯಿಸುತ್ತದೆ. ಒಡೆಯರು, ಗುಂಪು, ಅನುಮತಿ ಎಲ್ಲವೂ ‘ಸಂಪಾದನೆ’ಯಲ್ಲಿ ಇದ್ದಂತೆಯೇ ಉಳಿಯುತ್ತವೆ, ಹೊರಗಿನವರು ಓದಬಾರದೆಂಬ ನಿರ್ಬಂಧವೂ ಜೊತೆಗೆ ಬರುತ್ತದೆ. ಮೇಲೆ ಹೇಳಿದ 2775ರ ಮೊದಲ 2 ಕೂಡ ಹುಟ್ಟುವ ಕ್ಷಣದಲ್ಲಷ್ಟೇ ಕೆಲಸ ಮಾಡುವುದರಿಂದ ಇಲ್ಲಿ ನೆರವಾಗುವುದಿಲ್ಲ.

ಎಲ್ಲರೂ ಕಾಪಿಯನ್ನೇ ಮಾಡಬೇಕು ಎಂದು ಗೋಡೆಗೆ ಸೂಚನೆ ಅಂಟಿಸುವುದು ಬಾಳಿಕೆಯ ಪರಿಹಾರವಲ್ಲ. ಎರಡು ಫೋಲ್ಡರುಗಳನ್ನು ಸಾಂಬಾದಲ್ಲಿ ಎರಡು ಪ್ರತ್ಯೇಕ ಹಂಚಿಕೆಗಳಾಗಿ ಮಾಡಿ. ಆಗ ವಿಂಡೋಸ್ ಒಂದರಿಂದ ಇನ್ನೊಂದಕ್ಕೆ ಕಟ್-ಪೇಸ್ಟ್ ಮಾಡುವಾಗಲೂ ಮೊದಲು ನಕಲು ಮಾಡಿ ಆಮೇಲೆ ಮೂಲವನ್ನು ಅಳಿಸುತ್ತದೆ, ಅಂದರೆ ಹೊಸ ಫೈಲ್ ಹುಟ್ಟುತ್ತದೆ. ‘ಒಳಬರುವ’ ಹಂಚಿಕೆಗೆ ‘ಫೋರ್ಸ್ ಗ್ರೂಪ್’ ಎಂದು ರೇಡಿಯೊ ಗುಂಪನ್ನೂ, ‘ಫೋರ್ಸ್ ಕ್ರಿಯೇಟ್ ಮೋಡ್’ ಎಂದು 0664 ಅನ್ನೂ ಕೊಡಿ. ‘ಕ್ರಿಯೇಟ್ ಮಾಸ್ಕ್’ ಎಂಬ ಇನ್ನೊಂದು ಆಯ್ಕೆಯನ್ನು ಇದರೊಂದಿಗೆ ಬೆರೆಸಿಕೊಳ್ಳಬೇಡಿ, ಅದು ಅನುಮತಿಗಳನ್ನು ಕಳೆಯುತ್ತದೆಯೇ ಹೊರತು ಕೂಡಿಸುವುದಿಲ್ಲ. ಎತ್ತಿಕೊಂಡ ನಂತರ ಮೂಲ ಫೈಲನ್ನು ಅಳಿಸುವಂತೆ ರಿವೆಂಡೆಲ್‌ಗೆ ಹೇಳಿದ್ದರೆ ಫೋಲ್ಡರಿನ ಮೇಲೂ ರೇಡಿಯೊ ಗುಂಪಿಗೆ ಬರೆಯುವ ಹಕ್ಕು ಇರಬೇಕು.

ಪ್ರಶ್ನೆ: ಕರೆಂಟು ಹೋಗಿ ಬಂದ ದಿನ ಧ್ವನಿಮುದ್ರಣ ಕೊಠಡಿಯಲ್ಲಿ ಮುದ್ರಿಸಿದ ಕಾರ್ಯಕ್ರಮಗಳು ಅಲ್ಲಿ ಕೇಳುತ್ತಿದ್ದವು, ಪ್ರಸಾರ ಕೊಠಡಿಯಲ್ಲಿ ಇಲ್ಲ ಎಂದು ಬರುತ್ತಿತ್ತು. ಮರುದಿನ ಕಂಪ್ಯೂಟರ್ ಮರು ಆರಂಭಿಸಿದಾಗ ಎರಡೂ ಕಡೆ ಕಾಣೆಯಾಗಿವೆ. ಅನುಮತಿಯ ತೊಂದರೆ ಎಂಬ ಸಂದೇಶ ಒಮ್ಮೆಯೂ ಬರಲಿಲ್ಲ.

ಉತ್ತರ: ಕಾರ್ಯಕ್ರಮಗಳು ಬಹುಶಃ ಸುರಕ್ಷಿತವಾಗಿವೆ, ಗಾಬರಿ ಬೇಡ. ಕರೆಂಟು ಬಂದಾಗ ಧ್ವನಿಮುದ್ರಣದ ಕಂಪ್ಯೂಟರ್ ಸರ್ವರಿಗಿಂತ ಮೊದಲು ಎದ್ದು, ಸರ್ವರಿನ ಫೋಲ್ಡರನ್ನು ಮೌಂಟ್ ಮಾಡಲಾಗದೆ, ಅಂದರೆ ತನ್ನ ಫೋಲ್ಡರಿನ ಜಾಗಕ್ಕೆ ಜೋಡಿಸಿಕೊಳ್ಳಲಾಗದೆ, ಮುಂದೆ ಸಾಗಿರಬೇಕು. ಮೌಂಟ್ ಆಗದಿದ್ದಾಗ ಆ ಜಾಗದಲ್ಲಿ ಕಂಪ್ಯೂಟರಿನ ಸ್ವಂತ ಡಿಸ್ಕಿನ ಖಾಲಿ ಫೋಲ್ಡರ್ ಇರುತ್ತದೆ, ಅದಕ್ಕೆ ಬರೆಯುವ ಅನುಮತಿಯೂ ಇದ್ದರೆ ತಂತ್ರಾಂಶ ತಕರಾರಿಲ್ಲದೆ ಅಲ್ಲಿಯೇ ಮುದ್ರಿಸುತ್ತದೆ. ಮರುದಿನ ಮೌಂಟ್ ಸರಿಯಾಗಿ ಆದಾಗ ಸರ್ವರಿನ ಫೋಲ್ಡರ್ ಅದರ ಮೇಲೆ ಬಂದು ಕೂತು ಕೆಳಗಿನದನ್ನು ಮರೆಮಾಡಿತು.

ಕೆಳಗಿನದನ್ನು ನೋಡಲು ಧ್ವನಿ ಫೋಲ್ಡರನ್ನು ಅನ್‌ಮೌಂಟ್ ಮಾಡಬೇಕೆಂದಿಲ್ಲ. ‘ಮೌಂಟ್’ ಆಜ್ಞೆಗೆ ‘ಬೈಂಡ್’ ಆಯ್ಕೆ ಕೊಟ್ಟು ಕಂಪ್ಯೂಟರಿನ ಎಲ್ಲ ಫೋಲ್ಡರುಗಳ ಮೂಲವಾದ ‘/’ ಫೋಲ್ಡರನ್ನು ಬೇರೊಂದು ಖಾಲಿ ಜಾಗದಲ್ಲಿ ತೆರೆದರೆ, ಆ ಹಾದಿಯಲ್ಲಿ ಸ್ವಂತ ಡಿಸ್ಕಿನ ಫೋಲ್ಡರ್ ಮತ್ತು ಅದರಲ್ಲಿನ ಮುದ್ರಣಗಳು ಕಾಣುತ್ತವೆ. ಅವುಗಳನ್ನು ಸರ್ವರಿಗೆ ನಕಲು ಮಾಡುವ ಮೊದಲು, ಅದೇ ಹೆಸರಿನ ಫೈಲ್ ಸರ್ವರಿನಲ್ಲಿದೆಯೇ ಎಂದು ನೋಡಿ, ದಿನಾಂಕ ಮತ್ತು ಗಾತ್ರ ಹೋಲಿಸಿ. ಕಾರ್ಟ್ ಸಂಖ್ಯೆ ಒಂದೇ ಆದರೆ ಹೆಸರೂ ಒಂದೇ ಆಗುವುದರಿಂದ ಹೊಸದರ ಮೇಲೆ ಹಳೆಯದನ್ನು ಬರೆದುಬಿಡುವ ಅಪಾಯವಿದೆ.

ಮುಂದೆ ಹೀಗಾಗದಂತೆ ಅನುಮತಿಯನ್ನೇ ಕಾವಲಿಗೆ ಇಡಬಹುದು. ಮೌಂಟ್ ಇಲ್ಲದ ಸ್ಥಿತಿಯಲ್ಲಿ ಆ ಖಾಲಿ ಫೋಲ್ಡರಿಗೆ ‘ಚಾಟರ್’ ಆಜ್ಞೆಯಿಂದ ‘ಪ್ಲಸ್ ಐ’ ಗುಣವನ್ನು ಕೊಟ್ಟರೆ ರೂಟ್ ಕೂಡ ಅದರಲ್ಲಿ ಫೈಲ್ ಸೃಷ್ಟಿಸಲಾರರು. ಅದರ ಮೇಲೆ ಮೌಂಟ್ ಮಾಡಲು ಮಾತ್ರ ಅಡ್ಡಿಯಿಲ್ಲ. ಮೌಂಟ್ ಆಗದ ದಿನ ಮುದ್ರಣ ಆಗಿಂದಾಗಲೇ ವಿಫಲವಾಗಿ ಎಲ್ಲರಿಗೂ ತಿಳಿಯುತ್ತದೆ. ಸೇವೆಗಳನ್ನು ಆರಂಭಿಸುವ ಸಿಸ್ಟಂಡಿಯಲ್ಲಿ ರಿವೆಂಡೆಲ್ ಸೇವೆಗಿರುವ ಸಂರಚನೆಯಲ್ಲಿ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಎಂಬ ಸಾಲು ಸೇರಿಸಿ ಧ್ವನಿ ಫೋಲ್ಡರಿನ ಹಾದಿ ಕೊಟ್ಟರೆ, ಮೌಂಟ್ ಆಗುವ ತನಕ ಸೇವೆಯೇ ಆರಂಭವಾಗುವುದಿಲ್ಲ. ಪ್ರಸಾರ ನಿಲ್ಲುತ್ತದಲ್ಲ ಎಂದು ಹಿಂಜರಿಯಬೇಡಿ, ಫೈಲ್‌ಗಳೇ ಇಲ್ಲದಾಗ ಸೇವೆ ಎದ್ದಿದ್ದರೂ ಪ್ರಸಾರ ಮಾಡಲು ಏನೂ ಇರುವುದಿಲ್ಲ.

ಇದೇ ಕಾಳಜಿ ಪ್ರಸಾರದ ದಾಖಲೆ ಮುದ್ರಣಕ್ಕೂ ಬೇಕು. ಸಮುದಾಯ ಬಾನುಲಿಯ ಮಾರ್ಗಸೂಚಿಯಂತೆ ಪ್ರಸಾರವಾದ ಕಾರ್ಯಕ್ರಮಗಳನ್ನು ಪ್ರಸಾರದ ದಿನದಿಂದ 3 ತಿಂಗಳು ಉಳಿಸಿಕೊಳ್ಳಬೇಕು. 64 ಕಿಲೋಬಿಟ್ ದರದಲ್ಲಿ ದಿನದ 24 ಗಂಟೆ ಮುದ್ರಿಸಿದರೂ 90 ದಿನಗಳಿಗೆ ಸುಮಾರು 62 ಜಿಬಿ ಸಾಕು. ಜಾಗದ ಕೊರತೆಗಿಂತ, ತಪ್ಪು ಫೋಲ್ಡರಿಗೆ ಸದ್ದಿಲ್ಲದೆ ಬರೆಯುವುದರಿಂದಲೇ ಇಲ್ಲಿ ಹೆಚ್ಚು ಅಪಾಯ.

ಪ್ರಶ್ನೆ: ಒಡೆತನ, ಗುಂಪು, ಸಂಖ್ಯೆ ಎಲ್ಲವೂ ಸರಿಯಿದೆ. ಕಮಾಂಡ್ ಲೈನಿನಲ್ಲಿ ರೇಡಿಯೊ ಖಾತೆಯಿಂದ ಬರೆಯಲು ಆಗುತ್ತದೆ. ಲೈಬ್ರರಿಯಿಂದ ಹಾಡು ಆಮದು ಮಾಡಿದರೆ ಮಾತ್ರ ವಿಫಲ. ಯಂತ್ರದಲ್ಲಿ ಸೆಂಟ್‌ಓಎಸ್ 7 ಇದೆ.

ಉತ್ತರ: ರಿವೆಂಡೆಲ್‌ನಲ್ಲಿ ಆಮದು ನಡೆಯುವುದು ಅಪಾಚೆ ವೆಬ್ ಸರ್ವರಿನ ಮೂಲಕ. ಸೆಂಟ್‌ಓಎಸ್‌ನಲ್ಲಿ ಎಸ್‌ಇ ಲಿನಕ್ಸ್ ಎಂಬ ಇನ್ನೊಂದು ಕಾವಲು ಇದ್ದು, ಅಪಾಚೆ ಎನ್‌ಎಫ್‌ಎಸ್ ಫೋಲ್ಡರನ್ನು ಮುಟ್ಟುವುದನ್ನು ಅದು ತಡೆಯಬಹುದು. ‘ಗೆಟ್‌ಎನ್‌ಫೋರ್ಸ್’ ಕೊಟ್ಟಾಗ ‘ಎನ್‌ಫೋರ್ಸಿಂಗ್’ ಎಂದು ಬಂದು, ಆಡಿಟ್ ದಾಖಲೆಯಲ್ಲಿ ಆಮದಿನ ಹೊತ್ತಿಗೆ ಸರಿಯಾಗಿ ಅಪಾಚೆಯ ಹೆಸರಿನಲ್ಲಿ ‘ಡಿನೈಡ್’ ಎಂಬ ಸಾಲು ಇದ್ದರೆ ಕಾರಣ ಅದೇ. ಅಪಾಚೆಗೆ ಎನ್‌ಎಫ್‌ಎಸ್ ಬಳಸಲು ಒಪ್ಪಿಗೆ ಕೊಡುವ ‘ಎಚ್‌ಟಿಟಿಪಿಡಿ ಯೂಸ್ ಎನ್‌ಎಫ್‌ಎಸ್’ ಎಂಬ ಸ್ವಿಚ್ ಇದೆ. ಈ ಹೆಸರಿನ ಪದಗಳ ನಡುವೆ ಅಡಿಗೆರೆಗಳು ಬರುತ್ತವೆ. ಅದನ್ನು ‘ಸೆಟ್‌ಎಸ್‌ಇಬೂಲ್’ ಆಜ್ಞೆಯಿಂದ ಶಾಶ್ವತವಾಗಿ ಆನ್ ಮಾಡಿ. ಎಸ್‌ಇ ಲಿನಕ್ಸ್ ಅನ್ನು ಪೂರ್ತಿ ಆರಿಸುವ ಅಗತ್ಯವಿಲ್ಲ. ಸೆಂಟ್‌ಓಎಸ್ 7ಕ್ಕೆ ಸಿಗುತ್ತಿದ್ದ ಭದ್ರತಾ ಪರಿಷ್ಕರಣೆಗಳು 2024ರ ಜೂನ್ 30ಕ್ಕೆ ಮುಗಿದಿವೆ ಎಂಬುದನ್ನೂ ಗಮನಿಸಿ ಹೊಸ ವ್ಯವಸ್ಥೆಗೆ ಸಾಗುವ ಯೋಜನೆ ಮಾಡಿಕೊಳ್ಳಿ.

ಪ್ರಶ್ನೆ: ಪ್ರಸಾರದ ಖಾತೆಯನ್ನು ಹೊಸ ಗುಂಪಿಗೆ ಸೇರಿಸಿದ ಮೇಲೂ ತಡೆ ಹಾಗೆಯೇ ಇದೆ, ಜೊತೆಗೆ ಧ್ವನಿಯೂ ಬರುತ್ತಿಲ್ಲ.

ಉತ್ತರ: ಎರಡಕ್ಕೂ ಕಾರಣ ಬೇರೆ. ಓಡುತ್ತಿರುವ ಪ್ರೋಗ್ರಾಂ ತಾನು ಆರಂಭವಾದಾಗ ಇದ್ದ ಗುಂಪುಗಳನ್ನೇ ಹಿಡಿದುಕೊಂಡಿರುತ್ತದೆ. ಸೇವೆಯನ್ನು ಮರು ಆರಂಭಿಸಿ, ಖಾತೆಯಿಂದ ಲಾಗ್ ಔಟ್ ಆಗಿ ಮತ್ತೆ ಬಂದ ಮೇಲಷ್ಟೇ ಹೊಸ ಗುಂಪು ಅದಕ್ಕೆ ದಕ್ಕುತ್ತದೆ. ಧ್ವನಿ ನಿಂತದ್ದಕ್ಕೆ, ‘ಯೂಸರ್‌ಮಾಡ್’ ಆಜ್ಞೆಯಲ್ಲಿ ದೊಡ್ಡ ‘ಜಿ’ ಆಯ್ಕೆಯನ್ನು ಸಣ್ಣ ‘ಎ’ ಇಲ್ಲದೆ ಬಳಸಿರುವುದು ಕಾರಣವಿರಬಹುದು. ‘ಎ’ ಇಲ್ಲದಿದ್ದರೆ ಆ ಆಜ್ಞೆ ಖಾತೆಯನ್ನು ಹೊಸ ಗುಂಪಿಗೆ ಸೇರಿಸುವಾಗ ಇದ್ದ ಬೇರೆ ಹೆಚ್ಚುವರಿ ಗುಂಪುಗಳಿಂದ ಹೊರಹಾಕುತ್ತದೆ, ಅವುಗಳಲ್ಲಿ ಧ್ವನಿ ಕಾರ್ಡನ್ನು ಬಳಸಲು ಬೇಕಾದ ‘ಆಡಿಯೊ’ ಗುಂಪೂ ಇದ್ದಿರಬೇಕು. ‘ಐಡಿ’ ಆಜ್ಞೆಯಿಂದ ಈಗಿನ ಗುಂಪುಗಳನ್ನು ನೋಡಿ, ‘ಆಡಿಯೊ’ ಇಲ್ಲದಿದ್ದರೆ ‘ಎ’ ಸಹಿತ ಅದನ್ನು ಮತ್ತೆ ಸೇರಿಸಿ, ಸೇವೆಯನ್ನು ಮರು ಆರಂಭಿಸಿ.